ಡಿಕ್ಲೈನ್ ಅಂದರೆ

ಜೈಪುರದ ಹುಡುಗ ಡಾಕ್ಟರಿಗೆ ಬರುವ ಕನ್ನಡ ಮೂರೇ ಮಾತು:
ಊಟ ಆಯ್ತಾ, ನೋವು ಎಲ್ಲಿ, ಬಾಯಿ ತೆಗೀರಿ.
ನಾಲ್ಕನೆಯದು ಬೇಕಾದರೆ ನನ್ನ ಕಡೆ ನೋಡುತ್ತಾರೆ.
ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ, ಗಂಡಸರ ವಾರ್ಡು, ರಾತ್ರಿ ಪಾಳಿ.
ನಾನು ಸಿಸ್ಟರ್ ಸಬೀನಾ, ಹೊಸನಗರದವಳು,
ಪಿಯುಸಿಯಲ್ಲಿ ಕನ್ನಡಕ್ಕೆ ತೊಂಬತ್ತೊಂದು.

ಕೇಸ್ ಶೀಟಿನಲ್ಲಿ ಮೂರು ದಿನದಿಂದ ಒಂದೇ ಪದ,
ಡಿಕ್ಲೈನ್.
ನೀಲಿ ಇಂಕು, ಬಲಕ್ಕೆ ವಾಲಿದ ಅಕ್ಷರ,
ಪದವೇ ಹಾಳೆಯಿಂದ ಜಾರುತ್ತಿರುವ ಹಾಗೆ.
ಮನೆಯವರಿಗೆ ತಿಳಿಸಿ ಎಂದು ಪೆನ್ನಿನ ಕ್ಯಾಪು ಹಾಕಿದರು.

ಮನೆಯವರು ಅಂದರೆ ಅಕ್ಕಣಿಯಮ್ಮ ಒಬ್ಬರೇ.
ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುತ್ತ, ಹಾಕುತ್ತ
ಬೆಂಚಿನ ತುದಿಯಲ್ಲಿ ಕೂತಿದ್ದರು.
ಹತ್ತು ಹೆಜ್ಜೆ ಅಷ್ಟೆ. ಅಷ್ಟರಲ್ಲಿ ಪದ ಹುಡುಕಬೇಕು.
ಕ್ಷೀಣ, ಅದು ಚಂದ್ರನಿಗೆ; ಹದಿನೈದು ದಿನಕ್ಕೆ ತಿರುಗಿ ತುಂಬುತ್ತಾನೆ.
ಅವನತಿ ಸಾಮ್ರಾಜ್ಯಗಳಿಗೆ, ಕಾರಣಗಳನ್ನು ವಿವರಿಸಿ, ಹತ್ತು ಅಂಕ.
ಸೊರಗುವುದು ಮೆಣಸಿನ ಬಳ್ಳಿ.
ಕುಸಿಯುವುದು ಮಂಡಿಯ ಧಾರಣೆ.
ಮನುಷ್ಯನಿಗೆ ಏನಿಟ್ಟಿದ್ದೀರಿ, ನಿಘಂಟಿನವರೇ?

"ಅಮ್ಮಾ, ಇಳೀತಾ ಇದೆ" ಅಂದೆ.
ಅವರ ಮುಖ ಅರಳಿತು.
"ಜ್ವರವಾ?"

ತಪ್ಪು ಯಾರದ್ದೆನ್ನಲಿ.
ಜ್ವರ ಇಳಿದರೆ ಗಂಜಿ ಬೇಡುತ್ತಾರೆ, ಬಾವು ಇಳಿದರೆ ಚಪ್ಪಲಿ ಹುಡುಕುತ್ತಾರೆ,
ಒಲೆಯಿಂದ ಅನ್ನ ಇಳಿಸಿದರೆ ಎಲೆ ಹಾಕುತ್ತಾರೆ,
ದೃಷ್ಟಿ ಇಳಿ ತೆಗೆದರೆ ಮಗು ಮಲಗುತ್ತದೆ.
ನಮ್ಮ ಭಾಷೆಯಲ್ಲಿ ಇಳಿಯುವುದು
ಅರ್ಧಕ್ಕರ್ಧ ಶುಭವಾರ್ತೆಯೇ.
ನಾನು ಆ ಡಬ್ಬಿ ಹಿಡಿದುಕೊಂಡು ಸುಮ್ಮನೆ ನಿಂತೆ.

ಕೇಳಿಸಿಕೊಂಡಿದ್ದರು ದುಗ್ಗಪ್ಪಣ್ಣ,
ಮೂವತ್ತೊಂದು ವರ್ಷ ಆಗುಂಬೆ ಘಾಟಿಯ ಮಿನಿ ಬಸ್ಸಿನ ಡ್ರೈವರ್.
ಕಣ್ಣು ತೆರೆಯದೆಯೇ ಕೇಳಿದರು,
"ಯಾವ ಗೇರಲ್ಲಿ?"
ಆಮೇಲೆ, ಒಂದೊಂದು ಮಾತಿಗೆ ಒಂದೊಂದು ಉಸಿರು ಖರ್ಚು ಮಾಡಿ:
"ಹತ್ತೋದು ಎಂಜಿನ್ ಕೆಲ್ಸ ಸಿಸ್ಟರ್. ಇಳಿಸೋದು ಡ್ರೈವರ್‌ದು.
ಹತ್ತಿದ ಗೇರಲ್ಲೇ ಇಳೀಬೇಕು.
ಬ್ರೇಕ್ ಮೇಲೇ ನಿಂತ್ರೆ ಲೈನರ್ ಸುಡ್ತದೆ,
ನ್ಯೂಟ್ರಲ್ ಮಾಡ್ದೋನು ಸೋಮೇಶ್ವರ ಕಾಣಲ್ಲ.
ಹತ್ತಿ ಬರೋರಿಗೆ ದಾರಿ ಬಿಡ್ಬೇಕು."

ಬೆಳಗಿನ ಜಾವ ಡಾಕ್ಟರು ಬಂದರು,
ಗಂಟಲಿಗೆ ನಳಿಗೆ, ಪಕ್ಕದಲ್ಲಿ ಯಂತ್ರ, ಸಹಿಗೊಂದು ಕಾಗದ.
ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ, ಒಂದೂ ಬಿಡದೆ.
ದುಗ್ಗಪ್ಪಣ್ಣ ತಲೆ ಆಡಿಸಿದರು, ಎಡಕ್ಕೆ, ಬಲಕ್ಕೆ,
ಕನ್ನಡಿ ನೋಡಿಕೊಂಡ ಹಾಗೆ.
ಡಾಕ್ಟರು ಬಹಳ ಹೊತ್ತು ನಿಂತು ಬರೆದರು:
ಪೇಶೆಂಟ್ ಡಿಕ್ಲೈನ್ಡ್.

ಅದೇ ಪದ!
ನಿನ್ನೆಯ ತನಕ ಅವರಿಗೆ ಆಗುತ್ತಿದ್ದದ್ದು,
ಇವತ್ತು ಅವರೇ ಮಾಡಿದ್ದು.
ಅದೇ ನೀಲಿ ಇಂಕು, ಅದೇ ವಾಲು,
ಆದರೆ ಈಗ ಸ್ಟೀರಿಂಗ್ ಹಿಡಿದವರೊಬ್ಬರು ಇದ್ದರು ವಾಕ್ಯದೊಳಗೆ.

"ಏನು ಬರೆದ್ರು?" ಅಂದರು ಅಕ್ಕಣಿಯಮ್ಮ.
"ಒಲ್ಲೆ ಅಂದರು ಅಂತ."
"ಅಷ್ಟಕ್ಕೆ ಇಂಗ್ಲಿಷ್ ಯಾಕೆ ಬೇಕಿತ್ತು?"

ಆರು ಗಂಟೆಯ ಬಿಪಿ ಬರೆಯುವಾಗ ನೋಡಿದೆ,
ಹೊದಿಕೆಯ ಕೆಳಗೆ ಅವರ ಬಲಗಾಲು
ಒತ್ತುತ್ತಿತ್ತು,
ಬಿಡುತ್ತಿತ್ತು.
ಏಳನೆಯ ತಿರುವೋ, ಎಂಟನೆಯದೋ.
ಅಕ್ಕಣಿಯಮ್ಮ ಮಂಚದ ಕಂಬಿ ಹಿಡಿದು ಕೂತಿದ್ದರು,
ಮುಂದಿನ ಸೀಟಿನವರು ಹಿಡಿಯುವ ಹಾಗೆ.