ಕೊಸರು

ಎಂಟನೇ ಕ್ಲಾಸಿಗೆ ಸೇರುವಾಗ, ಜೂನಿನಲ್ಲಿ,
ಒಂದು ಗುಲಾಬಿ ಹಾಳೆ ಕೊಡುತ್ತೇವೆ.
ಪ್ರಥಮ ಭಾಷೆ ಯಾವುದು, ಟಿಕ್ ಹಾಕಿ.
ಉಳಿದ ವಿಷಯಕ್ಕೆಲ್ಲ ನೂರು,
ಇದೊಂದಕ್ಕೆ ನೂರಿಪ್ಪತ್ತೈದು.
ಮೊದಲನೆಯದು ಅಂತ ಇಪ್ಪತ್ತೈದು ಹೆಚ್ಚಿಗೆ ಕೊಟ್ಟರು,
ಕೊಟ್ಟದ್ದೇ ಮುಳುವಾಯಿತು.

ಭಾರ ಇರುವ ಕಡೆ ಜಾರಬಾರದು ನೋಡಿ,
ಅಪ್ಪಂದಿರು ಸಂಸ್ಕೃತಕ್ಕೆ ಟಿಕ್ ಹಾಕುತ್ತಾರೆ.
ಪಿ.ಜೆ. ಬಡಾವಣೆಯ ನಮ್ಮ ಶಾಲೆಯಲ್ಲಿ
ಅರವತ್ತೆರಡು ಮಕ್ಕಳಿಗೆ ನನ್ನ ಪಾಲು ಹದಿನಾಲ್ಕು.
ಮಿಕ್ಕ ಬೆಂಚುಗಳ ಮೇಲೆ ಪಿ.ಟಿ. ಮಾಸ್ತರು
ವಾಲಿಬಾಲ್ ನೆಟ್ಟು ಸುತ್ತಿಟ್ಟಿದ್ದಾರೆ.

ಸಂಸ್ಕೃತದ ಪ್ರಶ್ನೆಗೆ ಉತ್ತರ
ಕನ್ನಡದಲ್ಲೇ ಬರೆಯಬಹುದು, ಗೊತ್ತಾ?
ಇದನ್ನು ಹೇಳಿ ಸ್ಟಾಫ್ ರೂಮಿನಲ್ಲಿ ನಾನೂ ನಕ್ಕವಳೇ.

ಆ ಹದಿನಾಲ್ಕರಲ್ಲಿ ತಸ್ಮಿಯಾ,
ಮಂಡಕ್ಕಿ ಭಟ್ಟಿ ಬುಡೇನ್‌ಸಾಬರ ಕೊನೆಯವಳು,
ನೋಟ್‌ಬುಕ್ಕಿನ ರಟ್ಟಿಗೆಲ್ಲ ಹೊಗೆಯ ವಾಸನೆ.
ಛಂದಸ್ಸಿನ ಪಾಠದ ದಿನ
ಬೋರ್ಡಿನ ಮೇಲೆ ಪ್ರಸ್ತಾರ ಹಾಕುತ್ತಿದ್ದೆ:
ಹಗುರಾದದ್ದು ಲಘು, ಒಂದು ಮಾತ್ರೆ;
ಭಾರದ್ದು ಗುರು, ಎರಡು.
ಕೈ ಎತ್ತಿದಳು. "ಮೇಡಂ, ಒತ್ತಕ್ಷರದ ಹಿಂದಿನದು
ತಾನೇನೂ ಮಾಡದೆ ಗುರು ಆಗತ್ತಲ್ಲ,
ಪಕ್ಕದವರ ಭಾರಕ್ಕೆ?"
ಹೌದು ಅಂದೆ. ಬೆಲ್ ಹೊಡೆಯಿತು.

ನನ್ನ ಮಗಳು ಇಂಚರಳೂ ಅದೇ ಸೆಕ್ಷನ್ನು.
ಹುಡುಕಿ ಹುಡುಕಿ ಇಟ್ಟ ಕನ್ನಡದ ಹೆಸರು.
ನಾನು ಬಾಗಿಲಲ್ಲಿ ಬಂದರೆ
ನೀರಿನ ಬಾಟಲಿ ಹಿಡಿದು ಎದುರು ಕೋಣೆಗೆ ಹೋಗುವವಳು.
ಅವಳ ಗುಲಾಬಿ ಹಾಳೆಯಲ್ಲಿ
ಸಂಸ್ಕೃತದ ಚೌಕದೊಳಗಿನ ಟಿಕ್ ನನ್ನದು.
ಅವರಪ್ಪ ಊಟಕ್ಕೆ ಕೂತಿದ್ದರು, "ನೀನೇ ಹಾಕು" ಅಂದರು.
ಪೆನ್ನು ಕೆಂಪಿತ್ತು. ಬೇರೆ ಸಿಗಲಿಲ್ಲ.

ಫಲಿತಾಂಶ ಬಂದ ರಾತ್ರಿ
ಕ್ಯಾಲೆಂಡರಿನ ಬೆನ್ನಿಗೆ ಕೂಡಿ ನೋಡಿದೆ.
ಭಾಷೆ ಬಿಟ್ಟು ಉಳಿದ ಐದರಲ್ಲಿ
ತಸ್ಮಿಯಾ ನಾನೂರಾ ತೊಂಬತ್ನಾಲ್ಕು,
ಇಂಚರ ನಾನೂರಾ ತೊಂಬತ್ತೊಂದು.
ಭಾಷೆ ಸೇರಿಸಿದೆ.
ಅವಳಿಗೆ ನೂರಾ ಹದಿನೇಳು.
ಇವಳಿಗೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು.
ಇಂಚರ ಶಾಲೆಗೆ ಮೂರನೇ ರ‍್ಯಾಂಕು, ತಸ್ಮಿಯಾ ಒಂಬತ್ತು.
ಗೇಟಿನ ಫ್ಲೆಕ್ಸಿನಲ್ಲಿ ಎಂಟೇ ಮುಖ ಹಿಡಿದವು.

ಹೋದ ಎಂಟು ಅಂಕ ಎಲ್ಲಿ ಅಂತ
ಉತ್ತರಪತ್ರಿಕೆಯ ನಕಲು ತರಿಸಿದ್ದಳು.
ಪ್ರಬಂಧ, ಐದಕ್ಕೆ ಎರಡು.
ಗ್ರಂಥಾಲಯದ ಮಹತ್ವ ಬರೆ ಅಂದರೆ
ಭಟ್ಟಿಯ ಮರಳು ಕಾಯುವ ತನಕ
ಪೊಟ್ಟಣ ಕಟ್ಟುವ ಹಳೇ ಪೇಪರು ಓದುತ್ತಿದ್ದದ್ದನ್ನು ಬರೆದಿದ್ದಾಳೆ,
ಅರ್ಧ ಹರಿದ ಸುದ್ದಿಗೆ ತಾನೇ ಕೊನೆ ಕಟ್ಟುತ್ತಿದ್ದದ್ದನ್ನು.
ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ.
ನಾನಾಗಿದ್ದರೆ ಮೂರು ಕೊಡುತ್ತಿದ್ದೆನೇನೋ.
ಮೂರೇ.

ನಿನ್ನೆ ಸಂಜೆ ಭಟ್ಟಿಯ ಕಡೆ ಹೋದೆ, ಮಂಡಕ್ಕಿಯ ನೆಪ.
ಪಿಯು ಅರ್ಜಿ ಹಿಡಿದು ಹೊರಗೆ ಬಂದಳು.
"ಭಾಷೆ ಯಾವುದು ಬರೀಲಿ ಮೇಡಂ?
ಇಂಜಿನಿಯರಿಂಗಿಗೆ ಭಾಷೆಯ ಅಂಕ ಲೆಕ್ಕಕ್ಕೇ ಇಲ್ವಂತೆ,
ಆದ್ರೂ ಪರ್ಸೆಂಟೇಜು ಬೀಳಬಾರದಂತೆ."
ಅರ್ಜಿಯನ್ನು ಮೇಲಿಂದ ಕೆಳಗೆ ಓದಿದೆ,
ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.
ಕೆಂಪು ಪೆನ್ನು ಬ್ಯಾಗಿನಲ್ಲೇ ಇತ್ತು.

ಬುಡೇನ್‌ಸಾಬರು ಸೇರು ತುಂಬುತ್ತಿದ್ದರು.
ತಕ್ಕಡಿ ಯಾಕಿಲ್ಲ ಅಂತ ಕೇಳಿದೆ,
ಏನಾದರೂ ಕೇಳಬೇಕಿತ್ತು.
"ಮಂಡಕ್ಕೀನ ತೂಕಕ್ಕೆ ಹಾಕಿದ್ರೆ ನಾವು ಉಳಿತೀವೇನ್ರಿ?
ಚೀಲ ಇಡೀ ಗಾಡಿ ಮುಚ್ಚತೈತಿ,
ಕಲ್ಲು ಮಾತ್ರ ಮ್ಯಾಲೇಳಲ್ಲ.
ಇದು ಅಳಿಯೋ ಮಾಲು."
ಸೇರಿನ ಕಂಠ ಅಂಗೈಯಿಂದ ಸವರಿ
ನನ್ನ ಚೀಲಕ್ಕೆ ಸುರಿದರು.
ಆಮೇಲೆ, ನೋಡದೆಯೇ,
ಎರಡು ಮುಷ್ಟಿ ಕೊಸರು.

ತಸ್ಮಿಯಾ ಇನ್ನೂ ನಿಂತೇ ಇದ್ದಳು,
ಗಾಳಿಗೆ ಹಾರದ ಹಾಗೆ ಅರ್ಜಿ ಒತ್ತಿಹಿಡಿದು.