ನಾಲ್ಕು ಹಲ್ಲು ಮುಂದೆ

ವೂಚ್ ನಗರದ ಎಂಟನೇ ನಂಬರಿನ ಟ್ರಾಮು
ಓಡಿಸುವವಳು ಬೋಜೆನಾ.
ಸೀಟು ಈಗ ನಾಲ್ಕು ಹಲ್ಲು ಮುಂದೆ ಸರಿದಿದೆ,
ಹೊಟ್ಟೆಗೂ ಹಿಡಿಕೆಗೂ ನಡುವೆ
ಒಂದು ಲೋಟ ಚಹಾ ಇಡುವಷ್ಟು ಜಾಗ.

ಗುರುವಾರ ಗುರುವಾರ, ಫ್ರಿಜ್ಜಿನ ಸಾಸಿವೆ ಬಾಟಲಿ ಪಕ್ಕದಿಂದ
ಬರೆಯಲು ಬಾರದ ಆ ಪೆನ್ನು ತೆಗೆದು
ಹೊಟ್ಟೆಗೆ ಒತ್ತಿಕೊಳ್ಳುತ್ತಾಳೆ.
ಮೊದಲ ತಿಂಗಳು ತಿರುವು ತಿರುವಿಗೂ ಓಕರಿಕೆ;
ಡಿಪೋ ಹತ್ತಿರ ಒಮ್ಮೆ ಟ್ರಾಮು ನಿಲ್ಲಿಸಿ,
ಇಪ್ಪತ್ತು ಜನ ನೋಡುತ್ತಿದ್ದಂತೆಯೇ, ಹಿಮದ ಮೇಲೆ ಬಗ್ಗಿದ್ದಳು.
ಎಂಟು ಮಡಿಕೆಯ ಕಾಗದದಲ್ಲಿ
ಅದೂ ಇತ್ತು, ಪಿತ್ತಕೋಶದ ಕಲ್ಲೂ ಇತ್ತು,
ಇರುವೆ ಸಾಲಿನಂಥ ಅಕ್ಷರದಲ್ಲಿ.

ಆದರೂ ರಕ್ತದೊತ್ತಡ ಇಳಿದಿದೆ. ಮೊಣಕಾಲು ಬೈಯುವುದಿಲ್ಲ.

ಮೊದಲೆಲ್ಲ ನಿಲ್ದಾಣಗಳ ಹೆಸರೇ ಬೇರೆ:
ಗಸಗಸೆ ಬನ್ನು, ಹುರಿದ ಸಾಸೇಜು, ಡೋನಟ್ಟು,
ಒಳಗೊಬ್ಬಳು ಕೂಗಿ ಹೇಳುತ್ತಿದ್ದಳು.
ಈಗ ನಿಲ್ದಾಣ ಬರೀ ನಿಲ್ದಾಣ.
ಕೂಗುವವಳು ಎಲ್ಲಿ ಇಳಿದುಹೋದಳೋ,
ಇಷ್ಟು ವರ್ಷ ಟಿಕೆಟ್ಟೂ ಕೇಳಿರಲಿಲ್ಲ ಅವಳನ್ನು.

"ನಿಲ್ಲಿಸಿದರೆ?" ಕೇಳಿದಳು.
ಡಾಕ್ಟರು ಎದ್ದು ಕಿಟಕಿ ಹಾಕಿ ಬಂದು ಹೇಳಿದರು:
"ಬಹಳ ಜನಕ್ಕೆ ಮರಳಿ ಬರುತ್ತೆ."

ದೊಡ್ಡ ಕೋಟು ಇನ್ನೂ ಗೂಟದಲ್ಲೇ ಇದೆ.
ಸೀಟಿನ ಸನ್ನೆಗೆ ಆಗಾಗ ಎಣ್ಣೆ ಬಿಡುತ್ತಾಳೆ,
ಹಿಂದಕ್ಕೂ ಸರಿಯಲಿ ಎಂದು.