ಎದುರುಬದಿರು ಪುಟ

ಫೋರ್ಟಿನ ಹಿಂದಿನ ಗಲ್ಲಿ, ನಮ್ಮ ಲಂಚ್ ಹೋಮಿನ ಗಲ್ಲಾ.
ಉದ್ರಿ ಪುಸ್ತಕದ ಎಡಪುಟದಲ್ಲಿ ಒಂದು ದೇಶ,
ಬಲಪುಟದಲ್ಲಿ ಇನ್ನೊಂದು.
ಹೆಸರು ನನ್ನ ನಾಲಗೆಗೆ ಹೊರಳದೆ
'ಎತ್ತರ', 'ಕನ್ನಡಕ' ಅಂತ ಬರೆದುಕೊಂಡಿದ್ದೆ.
ಇಬ್ಬರೂ ಕಾನ್ಸುಲೇಟಿನ ಗುಮಾಸ್ತರು,
ಇಬ್ಬರಿಗೂ ಗಡಿಯಾರದ ಕೆಳಗಿನ ಮೇಜೇ ಬೇಕು,
ಇಬ್ಬರಿಗೂ ನಮ್ಮ ಸಾಂಬಾರು ಖಾರ.
ಒಂದು ಲೋಟ ಮಜ್ಜಿಗೆ ಹಂಚಿಕೊಂಡು
ಹರಕು ಹಿಂದಿಯಲ್ಲಿ ನಗುವರು.

ಆಮೇಲೆ ಆ ಸುದ್ದಿ.
ಎತ್ತರದವನ ರಾಜಧಾನಿಯಲ್ಲಿ
ಹುಡುಗರು ಗೇಟು ಹತ್ತಿ ಇಳಿದರಂತೆ.
ಕನ್ನಡಕದವನ ರಾಯಭಾರ ಕಚೇರಿಯೊಳಗೆ
ಮೂವತ್ತೊಂದು ಮಂದಿಯ ಕಣ್ಣಿಗೆ ಬಟ್ಟೆ.
ಪೇಪರಿನ ಫೋಟೋದಲ್ಲಿ ಎಡದಿಂದ ನಾಲ್ಕನೆಯವ
ಕನ್ನಡಕದವನ ಭಾವ.
ಮುಖ ಕಾಣದಿದ್ದರೂ ಗೊತ್ತಾಯಿತಂತೆ,
ಒಂದು ಭುಜ ತಗ್ಗಿಸಿ ನಿಲ್ಲುವುದು ಅವನೊಬ್ಬನೇ.

ಆ ದಿನವೂ ಇಬ್ಬರೂ ಬಂದರು.
ಗಡಿಯಾರದ ಕೆಳಗೆ ಯಾರೂ ಕೂರಲಿಲ್ಲ.
ನಮ್ಮ ಐತಪ್ಪ ಆ ಮೇಜು ಒರೆಸಿದ,
ಒರೆಸಿದ್ದನ್ನೇ ಮತ್ತೆ ಒರೆಸಿದ.
ಎತ್ತರದವ ಗಲ್ಲಾದ ಹತ್ತಿರ ಬಗ್ಗಿ
'ಅವನಿಗೆ ಹೇಳಿ' ಅಂದ.
ಏನಂತ ಹೇಳಲಿ?
ಅದಕ್ಕೆ ಅವನ ಹಿಂದಿ ಸಾಲಲಿಲ್ಲ. ನನ್ನದೂ.

ಇಪ್ಪತ್ತನೆಯ ದಿನ ಯಾರೋ ಮಂತ್ರಿಗೆ ವಿಷಾದ,
ಮೂವತ್ತನೆಯ ದಿನ ತೀವ್ರ ವಿಷಾದ.
ಖರ್ಜೂರದ ಹಡಗು ಲಂಗರಿನಲ್ಲೇ ಕೊಳೆಯಿತು,
ಸೀಮೆಎಣ್ಣೆಗೆ ಕ್ಯೂ ಬಂತು, ಇಡ್ಲಿಗೆ ನಾಲ್ಕಾಣೆ ಏರಿತು.
ಗಿರಾಕಿಗಳು ಬೈದದ್ದು ನನ್ನನ್ನು.
ಎಲ್ಲಿಯ ಗೇಟು, ಎಲ್ಲಿಯ ಇಡ್ಲಿ!

ಐವತ್ತೆರಡನೆಯ ದಿನ
ಬ್ಯಾಂಕಿನಲ್ಲಿ ಎತ್ತರದವನ ಸರ್ಕಾರದ ದುಡ್ಡು ಕಟ್ಟಿಹಾಕಿದರು,
ಕಾನ್ಸುಲೇಟಿಗೆ ಬೀಗ.
ಅವನ ಬಾಕಿ ಎಂಬತ್ತೇಳು ರೂಪಾಯಿ ನಲವತ್ತು ಪೈಸೆ,
ಜೇಬಿನಲ್ಲಿದ್ದದ್ದು ಹನ್ನೊಂದು.
ಕೊಟ್ಟ. ತನ್ನ ಪುಟಕ್ಕಲ್ಲ,
ಬೆರಳಿಟ್ಟು ಬಲಪುಟ ತೋರಿಸಿದ.
ಮಾರಾಯ, ನಿನ್ನ ಸಾಲವೇ ತೀರಿಲ್ಲವಲ್ಲ
ಅನ್ನುವಷ್ಟರಲ್ಲಿ ಟ್ಯಾಕ್ಸಿ ಹಾರ್ನು ಹೊಡೆಯಿತು.

ಕನ್ನಡಕದವನಿಗೆ ಹೇಳಬೇಕೆಂದಿದ್ದೆ.
ಅವನು ಮತ್ತೆ ಬರಲೇ ಇಲ್ಲ.
ಎಷ್ಟೋ ತಿಂಗಳ ಮೇಲೆ, ವಡೆ ಕಟ್ಟುವ ಹಳೇ ಪೇಪರಿನಲ್ಲಿ
ಮೂವತ್ತು ಮಂದಿ ವಿಮಾನ ಇಳಿಯುತ್ತಿದ್ದರು.
ಮೂವತ್ತೊಂದು ಇತ್ತಲ್ಲ?
ಭುಜ ಹುಡುಕಿದೆ. ಫೋಟೋದ ಮೇಲೆ ಎಣ್ಣೆ ಹರಡಿತ್ತು.

ಆ ಜುಲೈಯಲ್ಲಿ ಮಾಡು ಸೋರಿ
ಮುಚ್ಚಿಟ್ಟ ಪುಸ್ತಕದಲ್ಲಿ ಮಸಿ ಕದಡಿದೆ.
ಎಡದ ಲೆಕ್ಕ ಬಲಕ್ಕೆ ಕನ್ನಡಿಯಂತೆ ಮಗುಚಿ ಬಿದ್ದಿದೆ,
ಬಲದ್ದು ಎಡಕ್ಕೆ.
ಧಣಿ ಕನ್ನಡಕ ಏರಿಸಿ ಕೇಳುತ್ತಾರೆ:
'ಇದರಲ್ಲಿ ಯಾರದು ಎಷ್ಟು, ಮಾರಾಯ?'